ಆಟದ ಪೆಟ್ಟಿಗೆಯ ಚೌಕಿಮನೆ

1995ರ ಏಪ್ರಿಲ್ 17. ದೆಹಲಿಯ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಡ್ತು. ಕೊಲೆ ಕೇಸಲ್ಲ, ಭೂಸುಧಾರಣೆ ಕೇಸಲ್ಲ. ವಿಡಿಯೋ ಗೇಮ್ ಕೇಸು! ಅದೂ ನಮ್ಮ ಕರ್ನಾಟಕದ್ದು. ಎಂ.ಜೆ. ಶಿವಾನಿ ಮತ್ತು ಇತರರು ಒಂದು ಕಡೆ, ಕರ್ನಾಟಕ ಸರ್ಕಾರ ಇನ್ನೊಂದು ಕಡೆ. ಪ್ರಶ್ನೆ ಇಷ್ಟೇ: ಅಂಗಡಿಯಲ್ಲಿ ವಿಡಿಯೋ ಗೇಮ್ ಪೆಟ್ಟಿಗೆ ಇಟ್ಟುಕೊಂಡು, ಕಾಸು ತಗೊಂಡು ಜನರನ್ನ ಆಡಿಸೋದಕ್ಕೆ ಪೊಲೀಸರ ಲೈಸೆನ್ಸ್ ಬೇಕಾ, ಬೇಡವಾ?

ನಗಬೇಡಿ. ಆ ಪ್ರಶ್ನೆ ಇವತ್ತು ನಿಮ್ಮ ಮಗನ ಜೇಬಿನಲ್ಲಿರೋ ಮೊಬೈಲ್‌ಗೆ ಬಂದು ನಿಂತಿದೆ. ಅದು ಹೇಗೆ ಅಂತ ಹೇಳೋದಕ್ಕೆ ನಾನು ನಿಮ್ಮನ್ನ ಸಾಗರದ ಪಕ್ಕದ ಹೆಗ್ಗೋಡಿಗೆ ಕರ್ಕೊಂಡು ಹೋಗಬೇಕು. ಜೊತೆಗೆ ಒಂದು ಹಳೇ ಆಟದ ಪೆಟ್ಟಿಗೆಯ ಹಿಂಬಾಗಿಲನ್ನೂ ತೆಗೆಸಬೇಕು.

ಮೊದಲು ಪೆಟ್ಟಿಗೆ ಅಂದ್ರೆ ಯಾವುದು ಅಂತ ನೆನಪು ಮಾಡ್ಕೊಳ್ಳಿ. ಆಳೆತ್ತರದ ಪ್ಲೈವುಡ್ ಕಪಾಟು. ಎದೆಮಟ್ಟಕ್ಕೆ ಒಂದು ಟಿವಿ ಪರದೆ. ಅದರ ಕೆಳಗೆ ಒಂದು ಜಾಯ್‌ಸ್ಟಿಕ್, ನಾಲ್ಕಾರು ಬಣ್ಣದ ಗುಂಡಿಗಳು. ಇನ್ನೂ ಕೆಳಗೆ ನಾಣ್ಯ ಅಥವಾ ಟೋಕನ್ ಹಾಕೋ ಕಿಂಡಿ. ತೊಂಬತ್ತರ ದಶಕದಲ್ಲಿ ಹುಡುಗರಾಗಿದ್ದವರಿಗೆ 'ಮುಸ್ತಫಾ ಗೇಮ್' ಅಂದ್ರೆ ಸಾಕು, ಕೈ ತಾನಾಗೇ ಗುಂಡಿ ಒತ್ತೋಕೆ ಶುರು ಮಾಡುತ್ತೆ. ಆ ಆಟದ ಅಸಲಿ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್'. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ಅದರಲ್ಲಿ ಮುಸ್ತಫಾ ಅನ್ನೋನು ನಾಲ್ಕು ಜನ ನಾಯಕರಲ್ಲಿ ಒಬ್ಬ, ಅಷ್ಟೇ. ನಮ್ಮ ಹುಡುಗರು ಇಡೀ ಆಟಕ್ಕೇ ಅವನ ಹೆಸರಿಟ್ಟರು. ಜಪಾನಿನವರು ಮಾಡಿದ್ದನ್ನ, ಅಮೆರಿಕದ ಕಾಮಿಕ್ಸ್ ಕಥೆಯನ್ನ, ನಮ್ಮ ಗಲ್ಲಿ ಹುಡುಗರು ತಮ್ಮದು ಮಾಡ್ಕೊಂಡ ಬಗೆ ಇದು.

ಈ ಪೆಟ್ಟಿಗೆಯ ಹುಟ್ಟು ಎಲ್ಲಿ? 1972, ಅಮೆರಿಕದ ಕ್ಯಾಲಿಫೋರ್ನಿಯಾ. ನೋಲನ್ ಬುಶ್ನೆಲ್ ಆಗಷ್ಟೇ ಶುರು ಮಾಡಿದ ಅಟಾರಿ ಕಂಪನಿಯಲ್ಲಿ ಅಲನ್ ಆಲ್ಕಾರ್ನ್ ಅನ್ನೋ ಯುವ ಎಂಜಿನಿಯರ್ 'ಪಾಂಗ್' ಅನ್ನೋ ಆಟ ಮಾಡಿದರು. ಎರಡು ಗೆರೆ, ಒಂದು ಚುಕ್ಕೆ. ಪರದೆಯ ಮೇಲೆ ಟೇಬಲ್ ಟೆನಿಸ್. ಅದಕ್ಕೆ ಪರದೆ ಎಲ್ಲಿಂದ ಬಂತು ಗೊತ್ತಾ? ಅಂಗಡಿಗೆ ಹೋಗಿ ಒಂದು ಹಿಟಾಚಿ ಕಪ್ಪುಬಿಳುಪು ಟಿವಿ ತಂದರು, ಮರದ ಪೆಟ್ಟಿಗೆಯೊಳಗೆ ಕೂರಿಸಿದರು. ಸನಿವೇಲ್ ಊರಿನ ಒಂದು ಹೋಟೆಲ್‌ಬಾರಿನಲ್ಲಿ ಇಟ್ಟರು. ಕೆಲವು ದಿನಗಳಲ್ಲಿ ಯಂತ್ರ ಕೆಟ್ಟಿದೆ ಅಂತ ಫೋನ್ ಬಂತು. ಹೋಗಿ ಬಿಚ್ಚಿ ನೋಡಿದರೆ ಏನೂ ಕೆಟ್ಟಿರಲಿಲ್ಲ. ನಾಣ್ಯದ ಡಬ್ಬಿ ತುಂಬಿ ತುಳುಕಿ ಯಂತ್ರ ಕಟ್ಟಿಕೊಂಡಿತ್ತು!

ಇಲ್ಲಿ ಒಂದು ಮಾತು ಗಮನಿಸಿ. ಈ ಉದ್ಯಮದ ಮೊದಲ ಪೆಟ್ಟಿಗೆಗಳಲ್ಲೊಂದು ಅಂಗಡಿ ಟಿವಿ ಮತ್ತು ಮರಗೆಲಸ ಸೇರಿ ಆದದ್ದು. ಹಾಗಾಗಿ ಅದನ್ನ ಮನೆಯಲ್ಲೇ ರಿಪೇರಿ ಮಾಡೋದು ಅಂದ್ರೆ ಏನೋ ವಿಚಿತ್ರ ಹುಚ್ಚಲ್ಲ. ಅದು ಹುಟ್ಟಿದ್ದೇ ಹಾಗೆ.

1978ರಲ್ಲಿ ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾದೊ 'ಸ್ಪೇಸ್ ಇನ್ವೇಡರ್ಸ್' ಮಾಡಿದರು. ಮೇಲಿಂದ ಸಾಲುಸಾಲಾಗಿ ಶತ್ರುಗಳು ಇಳಿದು ಬರ್ತಾರೆ, ನೀವು ಕೆಳಗಿನಿಂದ ಹೊಡೀಬೇಕು. ಶತ್ರುಗಳು ಕಮ್ಮಿಯಾದಷ್ಟೂ ಉಳಿದವರ ವೇಗ ಹೆಚ್ಚಾಗುತ್ತೆ. ಎದೆ ಡವಡವ. ಆ ವೇಗವನ್ನ ಮೊದಲೇ ಯಾರೂ ಲೆಕ್ಕ ಹಾಕಿ ಇಟ್ಟಿರಲಿಲ್ಲ. ಆ ಕಾಲದ ಪ್ರೊಸೆಸರ್‌ಗೆ ಅಷ್ಟೊಂದು ಚಿತ್ರ ಬಿಡಿಸೋದು ಭಾರವಾಗಿತ್ತು. ಚಿತ್ರ ಕಮ್ಮಿಯಾದ ಹಾಗೆ ಅದಕ್ಕೆ ಹಗುರ ಆಯ್ತು, ಓಟ ಜೋರಾಯ್ತು. ಅದನ್ನ ನೋಡಿದ ನಿಶಿಕಾದೊ, ಇರಲಿ ಇದೇ ಚೆನ್ನಾಗಿದೆ ಅಂತ ಬಿಟ್ಟರು. ಯಂತ್ರದ ಸುಸ್ತೇ ಆಟದ ಸ್ವಾರಸ್ಯ ಆಯ್ತು. ಎರಡು ವರ್ಷಕ್ಕೆ, 1980ರಲ್ಲಿ ತೊರು ಇವಾತಾನಿಯವರ 'ಪ್ಯಾಕ್‌ಮ್ಯಾನ್' ಬಂತು. 255 ಹಂತ ದಾಟಿ 256ನೇದಕ್ಕೆ ಹೋದರೆ ಪರದೆಯ ಅರ್ಧ ಭಾಗ ಕಲಸುಮೇಲೋಗರ. ಎಂಟು ಬಿಟ್‌ನ ಲೆಕ್ಕದಲ್ಲಿ 255ರ ಆಚೆ ಅಂಕಿ ಇಲ್ಲ, ಮತ್ತೆ ಸೊನ್ನೆಗೆ ಬರುತ್ತೆ. ಇಂಥ ಸತ್ಯಗಳು ಪರದೆಯ ಮುಂದೆ ನಿಂತೋರಿಗೆ ತಿಳಿಯಲ್ಲ. ಹಿಂಬಾಗಿಲು ತೆಗೆದೋರಿಗೆ ತಿಳಿಯುತ್ತೆ.

ಈಗ ಬನ್ನಿ ಹೆಗ್ಗೋಡಿಗೆ.

ಮಲೆನಾಡಿನಲ್ಲಿ 'ಆಟ' ಅಂದ್ರೆ ವಿಡಿಯೋ ಗೇಮ್ ಅಲ್ಲ ಮಾರಾಯ್ರೆ, ಯಕ್ಷಗಾನ. ಆಟ ನೋಡೋಕೆ ಹೋದ ಯಾವ ಹುಡುಗ ಚೌಕಿಮನೆ ಇಣುಕಿಲ್ಲ ಹೇಳಿ? ರಂಗಸ್ಥಳದಲ್ಲಿ ಅಬ್ಬರಿಸೋ ರಾಕ್ಷಸ ಅಲ್ಲಿ ಕನ್ನಡಿ ಹಿಡ್ಕೊಂಡು ಕೂತು, ಬೆರಳಿಂದ ಮುಖಕ್ಕೆ ಬಣ್ಣ ಬಳ್ಕೋತಾ ಇರ್ತಾನೆ. ಅದನ್ನ ನೋಡಿ ಬಂದ ಹುಡುಗನಿಗೆ ರಾಕ್ಷಸನ ಭಯ ಕಮ್ಮಿ ಆಗುತ್ತಾ? ಸ್ವಲ್ಪ ಆಗಬಹುದು. ಆಟದ ಮೇಲಿನ ಆಸೆ ಕಮ್ಮಿ ಆಗುತ್ತಾ? ಖಂಡಿತ ಇಲ್ಲ. ಇನ್ನೂ ಜಾಸ್ತಿ ಆಗುತ್ತೆ. ಯಾಕಂದ್ರೆ ಈಗ ಅವನು ಬರೀ ನೋಡುವವನಲ್ಲ, ಬಲ್ಲವನು.

ಹೆಗ್ಗೋಡಿನ ನೀನಾಸಂ ಮಾಡಿದ್ದು ಇದನ್ನೇ. 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಕೆ.ವಿ. ಸುಬ್ಬಣ್ಣನವರ ಕೈಯಲ್ಲಿ ಬೆಳೀತು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದು ನಿಲ್ತು. ಮರುವರ್ಷ, 1973ರಲ್ಲಿ ಚಿತ್ರಸಮಾಜ ಬಂತು. ಅಡಿಕೆ ತೋಟದ ನಡುವಿನ ಊರಿಗೆ ಪ್ರಪಂಚದ ಸಿನಿಮಾ ಬಂತು. ಬಂದಿದ್ದು ಬರೀ ಸಿನಿಮಾ ಅಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅವರಂಥ ಮೇಷ್ಟ್ರು ಬಂದು ಸಿನಿಮಾ ಹೇಗೆ ಕಟ್ಟಿದ್ದಾರೆ, ಒಂದು ಶಾಟ್ ಆದಮೇಲೆ ಇನ್ನೊಂದು ಯಾಕೆ ಬರುತ್ತೆ ಅಂತ ಬಿಡಿಸಿ ತೋರಿಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತೋ ತಿರುಗಾಟ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ. ಅದೇ ವರ್ಷ ಜಪಾನಿನಲ್ಲಿ 'ಸ್ಟ್ರೀಟ್ ಫೈಟರ್ 2' ಹುಟ್ಟಿತು. ಎರಡಕ್ಕೂ ಸಂಬಂಧ ಇಲ್ಲ, ಒಪ್ತೀನಿ. ಆದರೆ ಹೆಗ್ಗೋಡು ಸಿನಿಮಾಕ್ಕೆ ಕೇಳಿದ ಪ್ರಶ್ನೆಯನ್ನ ನಾವು ಆಟದ ಪೆಟ್ಟಿಗೆಗೆ ಯಾವತ್ತಾದರೂ ಕೇಳಿದ್ವಾ? ಇದರ ಚೌಕಿಮನೆ ಎಲ್ಲಿದೆ ಅಂತ?

ಕೇಳಿದ್ದು ಅಂದ್ರೆ ಈಗ, ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಮನೆಗೆ ತಂದು ರಿಪೇರಿ ಮಾಡೋ ಹವ್ಯಾಸಿಗಳು. ಮುಚ್ಚಿದ ಪಾರ್ಲರ್‌ನಿಂದಲೋ, ಗುಜರಿಯಿಂದಲೋ ಒಂದು ಪೆಟ್ಟಿಗೆ ತರ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಹುಡುಕ್ತಾರೆ. ಹೆಗ್ಗೋಡಿನಂಥ ಊರಿನ ಹಂಚಿನ ಮನೆಗೆ ಅಂಥದ್ದೊಂದು ಪೆಟ್ಟಿಗೆ ಬಂತು ಅಂದ್ಕೊಳ್ಳಿ. ಏನೇನು ಕೆಲಸ ಬೀಳುತ್ತೆ ನೋಡಿ.

ಮೊದಲ ಶತ್ರು ಮಳೆ. ಜೂನ್‌ನಲ್ಲಿ ಹಿಡಿದ ಜಡಿಮಳೆ ಸೆಪ್ಟೆಂಬರ್‌ವರೆಗೂ ಬಿಡದ ಊರು ಅದು. ಪ್ಲೈವುಡ್ ತಳದಿಂದ ನೀರು ಕುಡಿದು ಪದರ ಪದರವಾಗಿ ಬಿಟ್ಕೊಳ್ಳುತ್ತೆ. ಬೂಸ್ಟು ಹಿಡಿಯುತ್ತೆ. ಆಮೇಲೆ ಒರಲೆ, ಅಂದರೆ ಗೆದ್ದಲು. ಹಾಗಾಗಿ ಮೊದಲ ಕೆಲಸ ಎಲೆಕ್ಟ್ರಾನಿಕ್ಸ್ ಅಲ್ಲ, ಮರಗೆಲಸ. ಕೊಳೆತ ತಳವನ್ನ ಕೊಯ್ದು ತೆಗೆದು, ನೀರು ತಡೆಯೋ ಪ್ಲೈವುಡ್ ಕೂರಿಸಿ, ಕೆಳಗೆ ಕಾಲು ಕೊಟ್ಟು ನೆಲದಿಂದ ಎತ್ತಬೇಕು. ಹಿಂಬದಿಯಲ್ಲಿ ಗಾಳಿ ಆಡೋಕೆ ಜಾಗ ಬಿಡಬೇಕು. ಸಾಗರದ ಗುಡಿಗಾರರು ಗಂಧದ ಮರದಲ್ಲಿ ದೇವರನ್ನ ಕಡೆದ ಸೀಮೆ ಅದು. ಒಂದು ಪೆಟ್ಟಿಗೆ ಸರಿ ಮಾಡೋ ಬಡಗಿಗೆ ಅಲ್ಲಿ ಬರ ಇರಲ್ಲ.

ಎರಡನೇ ಶತ್ರು ಕರೆಂಟು. ಇದೊಂದು ವಿಪರ್ಯಾಸ ನೋಡಿ. 1948ರಿಂದ ಜೋಗದಲ್ಲಿ ವಿದ್ಯುತ್ ತೆಗೀತಾ ಇದ್ದೀವಿ. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಶರಾವತಿ ಕಣಿವೆಯ ಊರೂರೇ ಮುಳುಗಿಸಿದ್ವಿ. ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆಯಲ್ಲೇ ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋಗುತ್ತೆ, ವೋಲ್ಟೇಜ್ ಏರಿಳಿಯುತ್ತೆ. ಪೆಟ್ಟಿಗೆಯೊಳಗಿನ ಆಟದ ಬೋರ್ಡಿಗೆ ಬೇಕಾಗಿರೋದು ಬರೀ 5 ವೋಲ್ಟ್. ಅದು ಒಂದಿಷ್ಟು ಕಮ್ಮಿಯಾದರೂ ಆಟ ಮಧ್ಯದಲ್ಲೇ ನಿಂತು ಮತ್ತೆ ಮೊದಲಿಂದ ಶುರುವಾಗುತ್ತೆ. ಬೋರ್ಡ್ ಸತ್ತಿದೆ ಅಂತ ಎಸೆದ ಎಷ್ಟೋ ಪೆಟ್ಟಿಗೆಗಳಲ್ಲಿ ಸೊರಗಿದ್ದು ಪವರ್ ಸಪ್ಲೈ ಅಷ್ಟೇ. ಅದಕ್ಕೇ ಬಲ್ಲವರು ಮೊದಲು ಮಲ್ಟಿಮೀಟರ್ ಹಿಡೀತಾರೆ, ಆಮೇಲೆ ಬೆಸುಗೆ ಕಡ್ಡಿ.

ಮೂರನೇದು ಕನೆಕ್ಟರ್. 1985ರಲ್ಲಿ ಜಪಾನಿನ ಆಟದ ಯಂತ್ರ ತಯಾರಕರ ಸಂಘ 'ಜಮ್ಮಾ' ಅನ್ನೋ ಒಂದೇ ಅಳತೆಯ ಜೋಡಣೆ ತಂತು. ಒಟ್ಟು 56 ಪಿನ್. ಆ ಆಟ ತೆಗೆದು ಈ ಆಟ ಹಾಕೋಕೆ ಬೋರ್ಡ್ ಬದಲಿಸಿದರೆ ಸಾಕು, ಪೆಟ್ಟಿಗೆ ಹಳೇದೇ. ಪಾರ್ಲರ್ ಮಾಲೀಕರಿಗೆ ಇದರಿಂದ ಎಷ್ಟು ಲಾಭ ಆಯ್ತು ಯೋಚನೆ ಮಾಡಿ. ನಲವತ್ತು ವರ್ಷ ಆದಮೇಲೆ ರಿಪೇರಿ ಮಾಡೋನಿಗೂ ಅದೇ ಆಸರೆ. ಪಿನ್ ಕಪ್ಪಾಗಿದ್ದರೆ ಶಾಲೆ ಮಕ್ಕಳ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿದರೆ ಎಷ್ಟೋ ಸಲ ಆಟ ಎದ್ದು ಕೂರುತ್ತೆ. ಜಾಯ್‌ಸ್ಟಿಕ್ ಬುಡದಲ್ಲಿರೋದು ನಾಲ್ಕು ಪುಟ್ಟ ಸ್ವಿಚ್‌ಗಳು, ನಾಲ್ಕು ದಿಕ್ಕಿಗೆ. 'ಟಿಕ್' ಅನ್ನೋ ಸದ್ದು ಬರದಿದ್ದರೆ ಆ ಸ್ವಿಚ್ ಬದಲಿಸಿ. ಮುಗೀತು.

ನಾಲ್ಕನೇದು ಪಿಕ್ಚರ್ ಟ್ಯೂಬ್. ಇಲ್ಲಿ ಮಾತ್ರ ತಮಾಷೆ ಬೇಡ. ಬಣ್ಣದ ಟ್ಯೂಬಿಗೆ ಹೋಗೋ ವೋಲ್ಟೇಜು 20 ಸಾವಿರಕ್ಕೂ ಹೆಚ್ಚು. ಪ್ಲಗ್ ಕಿತ್ತ ಮೇಲೂ ಆ ಗಾಜಿನ ಬುರುಡೆಯಲ್ಲಿ ವಿದ್ಯುತ್ ಕೂತಿರುತ್ತೆ. ಯೂಟ್ಯೂಬ್ ನೋಡಿಕೊಂಡು ಕೈ ಹಾಕಬೇಡಿ. ಮೊದಲು ಅದನ್ನ ಡಿಸ್‌ಚಾರ್ಜ್ ಮಾಡಬೇಕು. ಅದನ್ನ ಮಾಡಿ ಗೊತ್ತಿರೋರು ಯಾರು? ನಿಮ್ಮೂರಿನ ಹಳೇ ಟಿವಿ ಮೆಕ್ಯಾನಿಕ್. ಆಟದ ಪೆಟ್ಟಿಗೆಯ ಮಾನಿಟರಿಗೂ ಮನೆಯ ಹಳೇ ಟಿವಿಗೂ ಒಳಗಿನ ತಾಳ ಹೆಚ್ಚುಕಮ್ಮಿ ಒಂದೇ. ಎರಡೂ ಸೆಕೆಂಡಿಗೆ ಸುಮಾರು ಹದಿನೈದೂವರೆ ಸಾವಿರ ಗೆರೆ ಎಳೆಯೋ ಯಂತ್ರಗಳು. ಒಣಗಿದ ಕೆಪಾಸಿಟರ್ ಯಾವುದು, ಇಎಚ್‌ಟಿ ಹೋಗಿದೆಯಾ ಇಲ್ಲವಾ ಅಂತ ಅವರು ಸದ್ದು ಕೇಳೇ ಹೇಳ್ತಾರೆ.

ಈ ಮೆಕ್ಯಾನಿಕ್‌ಗಳ ಚರಿತ್ರೆಯನ್ನ ಯಾರಾದರೂ ಬರೆದಿದ್ದಾರಾ? 1954ರಲ್ಲಿ ಬೆಂಗಳೂರಿನಲ್ಲಿ ಬಿಇಎಲ್ ಶುರುವಾಯ್ತು, ಮುಂದೆ ಟಿವಿಯ ಪಿಕ್ಚರ್ ಟ್ಯೂಬನ್ನೂ ಮಾಡ್ತು. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶಕ್ಕೆ ಬಣ್ಣದ ಟಿವಿ ಬಂತು. ಆಮೇಲೆ ಸಣ್ಣ ಸಣ್ಣ ಊರಿನ ಬಸ್ ಸ್ಟ್ಯಾಂಡ್ ಪಕ್ಕದಲ್ಲೂ ಒಂದೊಂದು ರಿಪೇರಿ ಅಂಗಡಿ. ಮಹಾಭಾರತ ನೋಡೋ ಭಾನುವಾರ ಟಿವಿ ಕೆಟ್ಟರೆ ಆ ಮೆಕ್ಯಾನಿಕ್ ದೇವರಿಗೆ ಸಮ. ಫ್ಲಾಟ್ ಟಿವಿ ಬಂದ ಮೇಲೆ ಆ ವಿದ್ಯೆಗೆ ಗಿರಾಕಿ ಇಲ್ಲ. ಅವರಿಗೀಗ ಅರವತ್ತು, ಎಪ್ಪತ್ತು ವಯಸ್ಸು. ಪುಸ್ತಕದಲ್ಲಿ ಇಲ್ಲದ, ಬೆರಳ ತುದಿಯಲ್ಲಿರೋ ವಿದ್ಯೆ ಅದು. ಅವರ ಜೊತೆ ಅದೂ ಹೋಗುತ್ತೆ. ಒಂದು ಹಳೇ ಪೆಟ್ಟಿಗೆ ರಿಪೇರಿ ಮಾಡಿಸೋ ಹುಡುಗ ಅವರ ಪಕ್ಕ ಒಂದು ವಾರ ಕೂತರೆ, ಅಷ್ಟಾದರೂ ಉಳಿಯುತ್ತೆ.

ಇನ್ನೊಂದು ಸ್ವಾರಸ್ಯ ಇದೆ. ಕ್ಯಾಪ್‌ಕಾಮ್‌ನವರು 1993ರಿಂದ ತಂದ ಸಿಪಿಎಸ್-2 ಬೋರ್ಡುಗಳಲ್ಲಿ ನಕಲು ತಡೆಯೋಕೆ ಒಂದು ಉಪಾಯ ಮಾಡಿದ್ದರು. ಆಟ ಓದುವ ಗುಪ್ತ ಕೀಲಿಯನ್ನ ಒಂದು ಪುಟ್ಟ ಬ್ಯಾಟರಿಯ ಬಲದಲ್ಲಿ ನೆನಪಿಡೋ ವ್ಯವಸ್ಥೆ. ಬ್ಯಾಟರಿ ಸತ್ತರೆ ಕೀಲಿ ಮಾಯ, ಆಟವೂ ಸತ್ತ ಹಾಗೆ. ಹವ್ಯಾಸಿಗಳು ಇದಕ್ಕೆ 'ಆತ್ಮಹತ್ಯೆ ಬ್ಯಾಟರಿ' ಅಂತಲೇ ಹೆಸರಿಟ್ಟರು. ಕಾಸು ಕೊಟ್ಟು ಅಸಲಿ ತಂದವನ ಬೋರ್ಡ್ ವರ್ಷಗಳ ಮೇಲೆ ತಾನಾಗೇ ಸಾಯುತ್ತೆ! ಕಡೆಗೆ ಅದನ್ನ ಬದುಕಿಸಿದ್ದು ಯಾರು? ಕೂತು ಆ ಬೀಗ ಬಿಡಿಸಿದ ಹವ್ಯಾಸಿಗಳು. 1997ರಲ್ಲಿ ಇಟಲಿಯ ನಿಕೊಲಾ ಸಲ್ಮೋರಿಯಾ 'ಮೇಮ್' ಅನ್ನೋ ತಂತ್ರಾಂಶ ಶುರು ಮಾಡಿದರು. ಹಳೇ ಪೆಟ್ಟಿಗೆಗಳ ಒಳಗುಟ್ಟನ್ನ ಒಂದೊಂದಾಗಿ ದಾಖಲಿಸೋ ಕೆಲಸ ಅದು. ಕಂಪನಿಗಳು ಮರೆತ ಚರಿತ್ರೆಯನ್ನ ಬರೆದಿಟ್ಟವರು ರಿಪೇರಿಯವರು.

ಈಗ ಬರೋಣ ಮೊದಲು ಹೇಳಿದ ಕೋರ್ಟ್ ಕೇಸಿಗೆ.

ಬೆಂಗಳೂರಿನಲ್ಲಿ ಪಾರ್ಲರ್‌ಗಳು ಹೆಚ್ಚಾದವು. 1989ರಲ್ಲಿ ಬೆಂಗಳೂರು ನಗರದ ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಲೈಸೆನ್ಸ್ ಕೊಡುವ, ನಿಯಂತ್ರಿಸುವ ಆದೇಶ ಬಂತು. ಮಾಲೀಕರ ವಾದ: ನಮ್ಮದು ಕೌಶಲದ ಆಟ, ವ್ಯಾಪಾರ ಮಾಡೋದು ನಮ್ಮ ಹಕ್ಕು. ಸರ್ಕಾರದ ವಾದ: ಇವುಗಳಲ್ಲಿ ಅದೃಷ್ಟದ ಆಟ ಇದೆ, ಜೂಜು ಇದೆ, ಮಕ್ಕಳು ಹಾಳಾಗ್ತಾರೆ. ಯಂತ್ರವನ್ನ ಒಳಗಿಂದ ತಿದ್ದಿ ಆಡುವವನು ಗೆಲ್ಲದ ಹಾಗೆ ಮಾಡಬಹುದು ಅನ್ನೋ ಅಂಶವೂ ಕೋರ್ಟ್ ಮುಂದೆ ಬಂತು. ಸುಪ್ರೀಂ ಕೋರ್ಟ್ ಹೇಳಿತು: ಲೈಸೆನ್ಸ್ ಬೇಕು, ನಿಯಂತ್ರಿಸೋ ಅಧಿಕಾರ ಸರ್ಕಾರಕ್ಕೆ ಇದೆ.

ಈಗ ಪೆಟ್ಟಿಗೆಯ ಹಿಂಬಾಗಿಲು ತೆಗೆಯಿರಿ. ಬೋರ್ಡಿನ ಮೇಲೆ ಅಕ್ಕಿಕಾಳಿನಷ್ಟು ದೊಡ್ಡ, ಸಾಲಾಗಿ ಎಂಟು ಬಿಳಿ ಕೀಲಿಗಳು ಕಾಣ್ತವೆ. ಡಿಪ್ ಸ್ವಿಚ್ ಅಂತಾರೆ. ಒಂದು ನಾಣ್ಯಕ್ಕೆ ಎಷ್ಟು ಆಟ? ಅದು ಈ ಕೀಲಿ. ಆಟಗಾರನಿಗೆ ಎಷ್ಟು ಜೀವ? ಅದು ಆ ಕೀಲಿ. ಆಟ ಸುಲಭವಾ, ಕಷ್ಟವಾ? ಪಕ್ಕದ ಕೀಲಿ. ಪಾರ್ಲರ್‌ನವನು ರಾತ್ರಿ ಒಂದು ಕೀಲಿ ಮೇಲೆ ಕೆಳಗೆ ಮಾಡಿದರೆ, ಬೆಳಿಗ್ಗೆ ಬಂದ ಹುಡುಗನ ರೂಪಾಯಿ ಎರಡು ನಿಮಿಷದಲ್ಲಿ ಮುಗಿದುಹೋಗುತ್ತೆ. ಹುಡುಗ ಏನಂದ್ಕೊಳ್ತಾನೆ? ಇವತ್ತು ನನ್ನ ಕೈ ಸರಿ ಇಲ್ಲ ಅಂತ. ಕೋರ್ಟು ವರ್ಷಗಟ್ಟಲೆ ಚರ್ಚೆ ಮಾಡಿದ ಪ್ರಶ್ನೆ, ಆಟದ ನಿಯಮ ಯಾರ ಕೈಯಲ್ಲಿದೆ ಅನ್ನೋ ಪ್ರಶ್ನೆ, ಆ ಅಕ್ಕಿಕಾಳಿನಲ್ಲಿ ಕೂತಿತ್ತು. ಸ್ಕ್ರೂಡ್ರೈವರ್ ಇದ್ದ ಯಾರು ಬೇಕಾದರೂ ನೋಡಬಹುದಿತ್ತು.

ಇವತ್ತು? ಆಟ ಮೊಬೈಲ್‌ಗೆ ಬಂದಿದೆ. ದುಡ್ಡು ಒಂದು ರೂಪಾಯಿ ಅಲ್ಲ, ಸಾವಿರ, ಲಕ್ಷ. ಆ ಕೀಲಿ ಎಲ್ಲಿದೆ? ಯಾವುದೋ ದೇಶದ ಯಾವುದೋ ಸರ್ವರ್‌ನಲ್ಲಿ. ಹಿಂಬಾಗಿಲೇ ಇಲ್ಲ. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡೋ ಆನ್‌ಲೈನ್ ಆಟ ನಿಷೇಧಿಸ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನ ರದ್ದು ಮಾಡ್ತು. ವಾದ ಅದೇ ಹಳೇದು: ಕೌಶಲವಾ, ಅದೃಷ್ಟವಾ? 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಒಂದು ಕಾನೂನು ತಂದು ಆನ್‌ಲೈನ್ ಹಣದ ಆಟಗಳನ್ನ ನಿಷೇಧಿಸಿತು. ಕಾನೂನು ಬೇಕು, ಬೇಡ ಅನ್ನಲ್ಲ. ಆದರೆ ಒಂದು ಮಾತು. ಕಾನೂನು ಬಾಗಿಲು ಮುಚ್ಚಬಹುದು. ಒಳಗೆ ಏನಿದೆ ಅಂತ ಮಕ್ಕಳಿಗೆ ತೋರಿಸೋದು ಕಾನೂನಿನ ಕೈಯಲ್ಲಿ ಆಗೋ ಕೆಲಸ ಅಲ್ಲ. ಅದು ಮೇಷ್ಟ್ರ ಕೆಲಸ, ಅಪ್ಪ ಅಮ್ಮನ ಕೆಲಸ, ರಿಪೇರಿಯವನ ಕೆಲಸ.

ಹೆಗ್ಗೋಡು ಕಲಿಸೋದು ಇದನ್ನೇ. ಸಿನಿಮಾ ಜನರನ್ನ ಕೆಡಿಸುತ್ತೆ ಅಂತ ಸುಬ್ಬಣ್ಣ ಬಾಗಿಲು ಹಾಕಲಿಲ್ಲ. ಸಿನಿಮಾ ತರಿಸಿದರು, ಬಿಚ್ಚಿ ತೋರಿಸಿದರು, ಜನರನ್ನ ಬಲ್ಲವರನ್ನಾಗಿ ಮಾಡಿದರು. ಅದೇ ಊರಿನ ಪಕ್ಕ ಭೀಮನಕೋಣೆಯಲ್ಲಿ ಪ್ರಸನ್ನ ಅವರ 'ಚರಕ' ಬಂತು. ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯ್ತಾರೆ, ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕ್ತಾರೆ. ಬಟ್ಟೆ ಕೊಳ್ಳೋನು ಅದು ಹೇಗಾಯ್ತು ಅಂತ ಕಣ್ಣಾರೆ ನೋಡಬಹುದು. ಮಾಡಿದ್ದನ್ನ ಮುಚ್ಚಿಡದ ಸೀಮೆ ಅದು.

ಕೇಂದ್ರ ಸರ್ಕಾರ 2022ರ ಜುಲೈನಲ್ಲಿ 'ರಿಪೇರಿ ಹಕ್ಕಿನ' ಬಗ್ಗೆ ಒಂದು ಸಮಿತಿ ಮಾಡ್ತು. ಕೊಂಡ ವಸ್ತುವನ್ನ ಬಿಚ್ಚಿ ಸರಿ ಮಾಡಿಸ್ಕೊಳ್ಳೋ ಹಕ್ಕು ಗ್ರಾಹಕನಿಗಿರಬೇಕು ಅನ್ನೋ ಮಾತು. ಒಳ್ಳೇದೇ. ಆದರೆ ಹಕ್ಕು ಸಿಕ್ಕಾಗ ಬಿಚ್ಚೋಕೆ ಬರೋ ಕೈ ಇರಬೇಕಲ್ಲ? ಮೊಬೈಲ್ ಕೆಟ್ಟರೆ ಹೊಸದು ಕೊಡಿಸಿ ಬೆಳೆಸಿದ ಮಕ್ಕಳಿಗೆ ಸ್ಕ್ರೂಡ್ರೈವರ್ ಹಿಡಿಯೋದು ಕಲಿಸೋರು ಯಾರು?

ಹಾಗಾಗಿ ನನ್ನ ಸಲಹೆ ಇಷ್ಟೇ. ನಿಮ್ಮ ಅಟ್ಟದ ಮೇಲೆ ಕೆಟ್ಟ ರೇಡಿಯೋ ಇದೆಯಾ, ಟೇಪ್ ರೆಕಾರ್ಡರ್ ಇದೆಯಾ? ಗುಜರಿಗೆ ಹಾಕೋ ಮೊದಲು ಒಂದು ಭಾನುವಾರ ಮಕ್ಕಳನ್ನ ಕೂರಿಸಿಕೊಂಡು ಬಿಚ್ಚಿ. ಪ್ಲಗ್ ಹಾಕಬೇಡಿ, ಪಿಕ್ಚರ್ ಟ್ಯೂಬ್ ಇರೋದನ್ನ ಮುಟ್ಟಬೇಡಿ. ಊರಿನ ಹಳೇ ಮೆಕ್ಯಾನಿಕ್ ಒಬ್ಬರನ್ನ ಕಾಫಿಗೆ ಕರೀರಿ. ಆಮೇಲೆ ಮಗ ಮೊಬೈಲ್‌ನಲ್ಲಿ ಆಟ ಆಡುವಾಗ ಬೈಯೋ ಬದಲು ಒಂದು ಪ್ರಶ್ನೆ ಕೇಳಿ: 'ಮಗಾ, ಈ ಆಟ ಕಷ್ಟ ಆಗಬೇಕು ಅಂತ ತೀರ್ಮಾನ ಮಾಡಿದ್ದು ಯಾರು?' ಅವನು ತಲೆ ಎತ್ತಿ ಯೋಚನೆ ಮಾಡಿದರೆ, ಚೌಕಿಮನೆಯ ದಾರಿ ಅವನಿಗೆ ಸಿಕ್ಕಿತು ಅಂತ ಅರ್ಥ.